ಸ್ನೂಕರ್ ರೆಫರಿಯಾಗಲು ಹಾಸನ, ಚಿಕ್ಕಮಗಳೂರಿನಿಂದ ಹೊರಡುವವರಿಗೆ

ಸ್ನೂಕರ್ 1875ರಲ್ಲಿ ಜಬಲ್ಪುರದ ಸೇನಾ ಮೆಸ್ಸಿನಲ್ಲಿ ಹುಟ್ಟಿ, ಊಟಿಯ ಕ್ಲಬ್ಬಿನಲ್ಲಿ ನಿಯಮಗಳನ್ನು ಪಡೆದ ಆಟ; ಬಟ್ಟೆ ಹೊದಿಸಿದ ಟೇಬಲ್ಲಿನ ಮೇಲೆ ಕ್ಯೂ ಎಂಬ ಕೋಲಿನಿಂದ ಬಿಳಿ ಚೆಂಡನ್ನು ಹೊಡೆದು ಉಳಿದ ಚೆಂಡುಗಳನ್ನು ಪಾಕೆಟ್ಟಿಗೆ ಬೀಳಿಸುವುದು ಇದರ ಬಗೆ. ಸಕಲೇಶಪುರ, ಚಿಕ್ಕಮಗಳೂರಿನ ಕಡೆ ಇದನ್ನು ಚೆನ್ನಾಗಿ ಆಡುವವರು ಸಿಗುತ್ತಾರೆ. ಟೇಬಲ್ಲಿನ ಪಕ್ಕ ನಿಂತು ನಿಯಮದಂತೆ ಆಟ ನಡೆಸಿಕೊಡಬಲ್ಲವರು ಸಿಗುವುದೇ ಕಷ್ಟ. ಆ ಕೆಲಸವನ್ನು ವೃತ್ತಿಯಾಗಿ ಕಲಿಯಬೇಕೆನ್ನುವವರು ಮೊದಲು ಹತ್ತಿರದ ಕ್ಲಬ್ಬಿನ ಹಿರಿಯ ಮಾರ್ಕರರ ಜೊತೆ ನಿಂತು ಅಂಕ ಬರೆಯುವುದು, ಚೆಂಡು ಜೋಡಿಸುವುದು, ಟೇಬಲ್ಲಿನ ಬಟ್ಟೆಯ ಆರೈಕೆ ಮಾಡುವುದು ಇವುಗಳಿಂದ ಆರಂಭಿಸಬೇಕು. ಮಲೆನಾಡಿನ ಮಳೆಗಾಲದಲ್ಲಿ ತೇವ ಎಳೆದುಕೊಂಡ ಬಟ್ಟೆಯ ಮೇಲೆ ಚೆಂಡಿನ ಓಟ ನಿಧಾನವಾಗುತ್ತದೆ. ಬ್ರಷ್ಷನ್ನು ಬಾಕ್ ತುದಿಯಿಂದ, ಅಂದರೆ ಆಟ ಆರಂಭಿಸುವ ಕಡೆಯಿಂದ, ಕಪ್ಪು ಚೆಂಡಿನ ತುದಿಯ ಕಡೆಗೆ ಮಾತ್ರ ಎಳೆಯಬೇಕು.

ಬಣ್ಣದ ಚೆಂಡುಗಳನ್ನು ಮರಳಿ ಇಡುವ ಕ್ರಮ ಯೋಚಿಸದೆಯೇ ಕೈಗೆ ಬರುವಂತಾಗಬೇಕು. ಪಾಕೆಟ್ಟಿಗೆ ಬಿದ್ದ ನೀಲಿ ಚೆಂಡಿನ ಜಾಗದಲ್ಲಿ ಬೇರೆ ಚೆಂಡಿದ್ದರೆ, ಖಾಲಿ ಇರುವ ಜಾಗಗಳಲ್ಲಿ ಅತಿ ಹೆಚ್ಚು ಅಂಕದ ಚೆಂಡಿನ ಜಾಗದಲ್ಲಿ ಅದನ್ನು ಇಡಬೇಕು. ಎಲ್ಲ ಜಾಗಗಳೂ ತುಂಬಿದ್ದರೆ ತನ್ನ ಜಾಗಕ್ಕೆ ಆದಷ್ಟು ಹತ್ತಿರದಲ್ಲಿ, ಮೇಲಿನ ಕುಶನ್ನಿನ (ಕಪ್ಪು ಚೆಂಡಿನ ತುದಿಯಲ್ಲಿರುವ ಟೇಬಲ್ಲಿನ ರಬ್ಬರ್ ಅಂಚಿನ) ಕಡೆಗೆ, ಯಾವ ಚೆಂಡಿಗೂ ತಾಗದಂತೆ ಇಡಬೇಕು.

ರೆಫರಿಯ ನಿಜವಾದ ಪರೀಕ್ಷೆ ನಡೆಯುವುದು ‘ಫೌಲ್ ಅಂಡ್ ಎ ಮಿಸ್’, ಅಂದರೆ ಮುಟ್ಟಬೇಕಿದ್ದ ಚೆಂಡನ್ನು ಮುಟ್ಟಲು ಸಾಕಷ್ಟು ಯತ್ನಿಸಲಿಲ್ಲವೆಂಬ ತೀರ್ಪು, ಕರೆದಾಗ. ಬಿಳಿ ಚೆಂಡು ಕಂದು ಚೆಂಡಿನ ಹಿಂದೆ ಮರೆಯಾಗಿದೆ, ಆಟಗಾರ ಕುಶನ್ನಿಗೆ ಹೊಡೆದು ಕೆಂಪನ್ನು ಮುಟ್ಟಲು ಯತ್ನಿಸಿ ತಪ್ಪಿದ್ದಾನೆ, ಎದುರಾಳಿ ಅದೇ ಹೊಡೆತವನ್ನು ಮತ್ತೆ ಆಡಿಸಬೇಕೆಂದು ಕೇಳುತ್ತಾನೆ ಎಂದುಕೊಳ್ಳಿ. ಈಗ ಬಿಳಿ ಚೆಂಡನ್ನು ಮೊದಲಿದ್ದಲ್ಲಿಗೇ ತರಬೇಕು. ಕೂದಲೆಳೆಯಷ್ಟು ಆಚೆ ಇಟ್ಟರೂ ಮರೆಯಾಗಿದ್ದ ಕೆಂಪಿನ ಅಂಚು ಕಾಣತೊಡಗಿ ಫ್ರೇಮಿನ (ಪಂದ್ಯದ ಒಂದು ಸುತ್ತಿನ) ಗತಿಯೇ ಬದಲಾಗಬಹುದು. ಟಿವಿ ಪಂದ್ಯಗಳಲ್ಲಿ ಪರದೆಯ ನೆರವಿರುತ್ತದೆ, ನಮ್ಮ ಕ್ಲಬ್ಬುಗಳಲ್ಲಿ ಕಣ್ಣೇ ಗತಿ. ಆದ್ದರಿಂದ ಹೊಡೆತಕ್ಕೆ ಮುಂಚೆಯೇ ಬಿಳಿ ಚೆಂಡಿನ ಜಾಗವನ್ನು ಎರಡು ದಿಕ್ಕುಗಳಿಂದ, ಅಂದರೆ ಕುಶನ್ನಿನಿಂದ ಎಷ್ಟು ದೂರ, ಕಂದು ಚೆಂಡಿನ ಯಾವ ಅಂಚಿಗೆ ನೇರ ಎಂದು, ಮನಸ್ಸಿನಲ್ಲಿ ಗುರುತಿಟ್ಟುಕೊಳ್ಳುವ ಅಭ್ಯಾಸವಾಗಬೇಕು. ಸಂಶಯ ಬಂದಾಗ ಇಬ್ಬರು ಆಟಗಾರರನ್ನೂ ಕೇಳಬೇಕು, ಆದರೆ ಕೊನೆಯ ಮಾತು ರೆಫರಿಯದೇ.

ಸಣ್ಣ ಊರಿನಲ್ಲಿ ಇನ್ನೊಂದು ಕಷ್ಟವಿದೆ. ಆಡುವವರೆಲ್ಲ ಪರಿಚಿತರು, ಕೆಲವರು ನೆಂಟರು. ಆಟಗಾರನೊಬ್ಬ ತಪ್ಪು ಚೆಂಡಿನತ್ತ ಕ್ಯೂ ತಿರುಗಿಸಿದಾಗ “ಅಣ್ಣಾ, ಅದಲ್ಲ” ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ; ಆದರೆ ಫೌಲ್ ಆಗಲಿದೆ ಎಂಬ ಸುಳಿವನ್ನು ಕಣ್ಣಿನಲ್ಲೂ ಕೊಡಬಾರದು. ಬಣ್ಣ ಗುರುತಿಸಲಾಗದವರು ಚೆಂಡಿನ ಬಣ್ಣ ಕೇಳಿದರೆ ಮಾತ್ರ ಹೇಳಬೇಕು, ಅದನ್ನು ನಿಯಮವೇ ಒಪ್ಪುತ್ತದೆ. ಹೊಡೆಯುವವನ ದೃಷ್ಟಿಗೆ ಅಡ್ಡ ಬರದಂತೆ, ಚೆಂಡು ಸೇರುವ ಪಾಕೆಟ್ಟಿನ ಹಿಂದೆ ನೆರಳಿನಂತೆ ಸುಳಿಯದಂತೆ ನಿಲ್ಲುವುದನ್ನೂ ಕಲಿಯಬೇಕು.

ಇಷ್ಟು ಕೈಗೂಡಿದ ಮೇಲೆ ಬೆಂಗಳೂರಿನ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯನ್ನು ಸಂಪರ್ಕಿಸಿ, ರೆಫರಿಗಳ ತರಬೇತಿ ಮತ್ತು ಪರೀಕ್ಷೆಯ ವಿಚಾರ ಕೇಳಿಕೊಳ್ಳುವುದು ಒಳ್ಳೆಯದು. ದೇಶದ ಮಟ್ಟದಲ್ಲಿ ಆಟದ ಆಡಳಿತ ಭಾರತೀಯ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಫೆಡರೇಷನ್ನಿನದು. ವೃತ್ತಿಪರ ಪಂದ್ಯಗಳಲ್ಲಿ ಅಂಕ, ಫೌಲ್ ಎಲ್ಲವನ್ನೂ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಕರೆಯಬೇಕಾದ್ದರಿಂದ, ಆ ಉಚ್ಚಾರಣೆಯನ್ನು ಈಗಿನಿಂದಲೇ ರೂಢಿಸಿಕೊಳ್ಳಬೇಕು. ಈ ವೃತ್ತಿ ಯಾವ ಒಂದು ದೇಶದವರ ಸೊತ್ತೂ ಅಲ್ಲ: 2020ರ ವಿಶ್ವ ಫೈನಲ್ ನಡೆಸಿಕೊಟ್ಟ ಮಾರ್ಸೆಲ್ ಎಕಾರ್ಟ್ ಜರ್ಮನಿಯವರು. 2009ರಲ್ಲಿ ಆ ಸ್ಥಾನದಲ್ಲಿ ನಿಂತ ಮೊದಲ ಮಹಿಳೆ ಮಿಕೇಲಾ ಟ್ಯಾಬ್, ಪೂಲ್ ಆಟದಿಂದ ಬಂದವರು.

ಸಂಪಾದನೆಯ ವಿಷಯದಲ್ಲಿ ಒಂದು ಮಾತು. ಆರಂಭದ ವರ್ಷಗಳಲ್ಲಿ ಇದರಿಂದಲೇ ಸಂಸಾರ ನಡೆಯುತ್ತದೆಂದು ನೆಚ್ಚಬಾರದು. ಟೂರ್ನಿಗಳಿಗೆ ರಜೆ ಸಿಗುವಂಥ ಕೆಲಸವನ್ನೋ ತೋಟವನ್ನೋ ಉಳಿಸಿಕೊಂಡು, ರಾಜ್ಯ ಮಟ್ಟದ ಪಂದ್ಯಗಳಿಗೆ ಮೊದಲು ಮಾರ್ಕರಾಗಿಯಾದರೂ ಹೋಗಿಬರಬೇಕು. ಹಾಸನದಿಂದ ಬೆಂಗಳೂರಿಗೆ ರೈಲಿರುವುದರಿಂದ ಓಡಾಟ ಅಷ್ಟೊಂದು ಹೊರೆಯಾಗದು.