ಸ್ಟೂಡೆಂಟ್ ಮನೆ ಬಾಡಿಗೆ: ಸಮ ಪಾಲು ಬಿಟ್ವಿ, ಚೀಟಿ ಬರೆಸಿ ಹಂಚಿದ್ವಿ – ನನ್ನ ಅನುಭವ

ನಾಲ್ಕು ರೂಮು, ನಾಲ್ಕು ಜನ ಸ್ಟೂಡೆಂಟ್ಸು, ಒಂದೇ ಅಗ್ರಿಮೆಂಟು. ಬಾಡಿಗೆ ಹೆಂಗೆ ಹಂಚ್ಕೋತೀರ ಅಂದ್ರೆ ಎಲ್ಲರೂ ಹೇಳೋದು ಒಂದೇ, ನಾಲ್ಕರಿಂದ ಭಾಗಿಸಿ ಅಂತ. ನಾನು ಬೇಡ, ಒಬ್ಬೊಬ್ಬರೂ ಒಂದೊಂದು ರೂಮಿಗೆ ಎಷ್ಟು ಕೊಡಬಹುದು ಅಂತ ಚೀಟಿ ಬರೆಯೋಣ, ಅದರ ಮೇಲೆ ಹಂಚೋಣ ಅಂದಾಗ ಇದೇನು ಹರಾಜಾ ಅಂದ್ರು, ಫ್ರೆಂಡ್‌ಶಿಪ್ ಹಾಳಾಗುತ್ತೆ ಅಂದ್ರು, ಸೀನಿಯರ್ ಒಬ್ರಂತೂ ಒಂದು ತಿಂಗಳೂ ನಡೆಯಲ್ಲ ಅಂತ ಬರೆದುಕೊಡ್ತೀನಿ ಅಂದಿದ್ರು. ಈಗ ನಾನು ಆ ಮನೆ ಬಿಟ್ಟಾಯ್ತು, ನನ್ನ ನಂತರ ಬಂದ ಬ್ಯಾಚ್ ಕೂಡ ಅದೇ ಲೆಕ್ಕದಲ್ಲಿ ನಡೆಸ್ತಿದೆ. ಅದಕ್ಕೇ ಬರೀತಿದೀನಿ. ಅಗ್ರಿಮೆಂಟ್ ಹೆಂಗೆ ಮಾಡ್ಕೋಬೇಕು, ಮನೆ ಹೆಂಗೆ ಹುಡುಕಬೇಕು ಅನ್ನೋದೆಲ್ಲ ನಿಮಗೆ ಗೊತ್ತೇ ಇರುತ್ತೆ, ಅದನ್ನ ಬಿಡ್ತೀನಿ.

ಇನ್ನೊಂದು ಮಾತು, ದುಡ್ಡಿನ ಮೊತ್ತ ಹೇಳಲ್ಲ. ಒಟ್ಟು ಬಾಡಿಗೆ 100 ಅಂತ ಇಟ್ಕೊಳ್ಳಿ, ಎಲ್ಲ ಅದರ ಪಾಲಲ್ಲೇ ಹೇಳ್ತೀನಿ. ನಮ್ಮ ಮನೆಯಲ್ಲೂ ಗೋಡೆ ಮೇಲೆ ಅಂಟಿಸಿದ ಹಾಳೆಯಲ್ಲಿ ಪಾಲು ಮಾತ್ರ ಬರೆದಿತ್ತು, ಮೊತ್ತ ಇರಲಿಲ್ಲ. ಇದರಿಂದ ಒಂದು ದೊಡ್ಡ ಉಪಯೋಗ ಆಯ್ತು, ಮಾಲೀಕರು ಬಾಡಿಗೆ ಏರಿಸಿದಾಗ ಮತ್ತೆ ಕೂತು ಜಗಳ ಆಡೋ ಅಗತ್ಯ ಬರಲಿಲ್ಲ, ಅದೇ ಪಾಲನ್ನ ಹೊಸ ಮೊತ್ತಕ್ಕೆ ಹಾಕಿದ್ರೆ ಮುಗೀತು.

ಮೊದಲು ಸೋತಿದ್ದು ಹೇಳ್ತೀನಿ. ಮನೆ ಹೇಗಿತ್ತು ಅಂದ್ರೆ, ಅಟ್ಯಾಚ್ಡ್ ಬಾತ್‌ರೂಮ್ ಇರೋ ದೊಡ್ಡ ರೂಮ್ ಒಂದು, ಬಾಲ್ಕನಿ ರೂಮ್ ಒಂದು, ಅಡುಗೆಮನೆ ಪಕ್ಕದ್ದು ಒಂದು, ಕೊನೇಲಿ ಮೂಲೆ ರೂಮು, ಅದರಲ್ಲಿ ಮಂಚ ಟೇಬಲ್ ಹಾಕಿದ್ರೆ ಬಾಗಿಲು ಪೂರ್ತಿ ತೆಗೆಯೋಕಾಗಲ್ಲ. ಮೊದಲನೇ ವರ್ಷ ಎಲ್ಲರೂ 25, 25. ಯಾರು ಮೊದಲು ಬ್ಯಾಗ್ ತಂದಿಟ್ರೋ ಅವರಿಗೆ ದೊಡ್ಡ ರೂಮು. ಮೂಲೆ ರೂಮಿನವನು ಬಾಯಿಬಿಟ್ಟು ಏನೂ ಹೇಳಲಿಲ್ಲ, ಆದ್ರೆ ಹಾಲಲ್ಲೇ ಓದೋದು, ಹಾಲಲ್ಲೇ ಮಲಗೋದು, ಕರೆಂಟ್ ಬಿಲ್ ಬಂದಾಗ ನಾನ್ಯಾಕೆ ಸಮ ಕೊಡ್ಬೇಕು ಅಂತ ಅಲ್ಲಿ ತೆಗೆದ ಸಿಟ್ಟು. ಬಿಲ್ಲು, ಪಾತ್ರೆ, ಕಸ, ನೆಟ್ಟು, ಪ್ರತಿಯೊಂದು ಜಗಳದ ಬುಡದಲ್ಲೂ ಆ ರೂಮಿತ್ತು. ಆಮೇಲೆ ವರ್ಷದ ಮಧ್ಯ ಬಿಟ್ಟು ಹೋದ. ಅಗ್ರಿಮೆಂಟಲ್ಲಿ ಎಲ್ಲರ ಸೈನೂ ಒಟ್ಟಿಗೆ ಇದ್ದಿದ್ರಿಂದ ಮಾಲೀಕರು ಪೂರ್ತಿ ಬಾಡಿಗೆ ಕೊಡಿ ಅಂದ್ರು, ಹೊಸಬರು ಸಿಗೋವರೆಗೂ ನಾವು ಮೂವರೂ 25ರ ಬದಲು 33 ಚಿಲ್ಲರೆ ತುಂಬಿದ್ವಿ. ಒಂದೆರಡು ತಿಂಗಳಲ್ಲೇ ನನ್ನ ಒಂದು ಸೆಮಿಸ್ಟರಿನ ಪುಸ್ತಕದ ದುಡ್ಡು ಹೋಯ್ತು. ಸಮ ಪಾಲೇ ಸುಲಭ ಅನ್ನೋರಿಗೆ ನಾನು ಈ ಲೆಕ್ಕ ತೋರಿಸ್ತೀನಿ.

ಆಮೇಲೆ ಟೇಪ್ ಹಿಡಿದು ಅಳೆದ್ವಿ, ಚದರ ಅಡಿ ಲೆಕ್ಕ. ನೋಡೋಕೆ ಬಹಳ ನ್ಯಾಯವಾಗಿ ಕಾಣುತ್ತೆ. ಅಳೆದಾದ ಮೇಲೆ ಶುರುವಾಯ್ತು, ಬಾಲ್ಕನಿ ಸೇರಿಸ್ಬೇಕಾ ಬೇಡ್ವಾ, ಗೋಡೆಯೊಳಗಿನ ಕಬೋರ್ಡ್ ಜಾಗ ಲೆಕ್ಕಕ್ಕಾ, ಹಾಲು ಅಡುಗೆಮನೆ ಎಲ್ಲರದ್ದು ತಾನೆ, ಅದರ ಬಾಡಿಗೆ ಬೇರೆ ತೆಗೆದಿಡ್ಬೇಕಲ್ವಾ. ಎಲ್ಲಕ್ಕಿಂತ ದೊಡ್ಡ ತೊಂದರೆ ಏನಂದ್ರೆ ಅಡುಗೆಮನೆ ಪಕ್ಕದ ರೂಮು ಅಳತೆಯಲ್ಲಿ ದೊಡ್ಡದು, ಆದ್ರೆ ಬೆಳಗ್ಗೆ ಆರಕ್ಕೇ ಮಿಕ್ಸಿ ಸದ್ದು. ಟೇಪಿಗೆ ಸದ್ದು ಗೊತ್ತಾಗಲ್ಲ, ಬಿಸಿಲು ಗೊತ್ತಾಗಲ್ಲ, ನೆಟ್‌ವರ್ಕ್ ಸಿಗೋದು ಗೊತ್ತಾಗಲ್ಲ.

ಸೆಮಿಸ್ಟರಿಗೊಮ್ಮೆ ರೂಮ್ ಬದಲಾಯಿಸೋಣ ಅನ್ನೋದನ್ನೂ ನೋಡಿದ್ವಿ. ಪರೀಕ್ಷೆ ಮುಗಿದ ವಾರದಲ್ಲಿ ಊರಿಗೆ ಹೋಗೋದು ಬಿಟ್ಟು ಮಂಚ ಎಳೆದಾಡಿ, ಗೋಡೆಗೆ ಗೀಚಿ, ಆ ಗೀಚು ಯಾರದು ಅಂತ ಗೊತ್ತಾಗದೆ ರಿಪೇರಿ ದುಡ್ಡಿಗೆ ಇನ್ನೊಂದು ಜಗಳ. ಒಂದೇ ಸಲಕ್ಕೆ ಕೈಬಿಟ್ವಿ.

ಚೀಟಿ ಐಡಿಯಾ ಬಂದಿದ್ದು ಗಣಿತ ಓದ್ತಿದ್ದ ಹೌಸ್‌ಮೇಟಿಂದ. ಫ್ರಾನ್ಸಿಸ್ ಸು ಅನ್ನೋ ಗಣಿತಜ್ಞರು 1999ರಲ್ಲಿ ಇದೇ ಬಾಡಿಗೆ ಹಂಚಿಕೆ ಬಗ್ಗೆ ಪೇಪರ್ ಬರೆದಿದಾರೆ, 1928ರ ಸ್ಪರ್ನರ್ ಲೆಮ್ಮಾ ಅನ್ನೋ ಗಣಿತದ ಪ್ರಮೇಯ ಬಳಸಿ, ಯಾರಿಗೂ ಇನ್ನೊಬ್ಬರ ರೂಮ್ ನೋಡಿ ಹೊಟ್ಟೆ ಉರಿಯದ ಹಾಗೆ ಬಾಡಿಗೆ ಇಡಬಹುದು ಅಂತ ತೋರಿಸಿದಾರೆ ಅಂದ. ಅದು ತ್ರಿಕೋನ ಒಡೀತಾ ಹೋಗೋ ವಿಧಾನ, ನಮಗೆ ಅಷ್ಟು ಬೇಕಿರಲಿಲ್ಲ. ನಾವು ಮಾಡಿದ್ದು ಸರಳ. ಎಲ್ಲರೂ ಒಂದೇ ಹೊತ್ತಿಗೆ ಕೂತು, ಯಾರಿಗೂ ತೋರಿಸದೆ, ನಾಲ್ಕೂ ರೂಮಿಗೆ ಬೆಲೆ ಬರೀಬೇಕು, ಕೂಡಿದ್ರೆ ಸರಿಯಾಗಿ 100 ಬರ್ಬೇಕು. ಅಷ್ಟೇ ನಿಯಮ.

ನೆನಪಿದ್ದಂತೆ ಚೀಟಿಗಳು ಹೀಗಿದ್ವು. ದೊಡ್ಡದು, ಬಾಲ್ಕನಿ, ಅಡುಗೆಮನೆ ಪಕ್ಕ, ಮೂಲೆ, ಈ ಸಾಲಲ್ಲೇ ಓದಿ. ಒಬ್ಬ 34, 28, 22, 16 ಬರೆದಿದ್ದ. ಇನ್ನೊಬ್ಬನಿಗೆ ಬಾಲ್ಕನಿ ಹುಚ್ಚು, 30, 33, 21, 16. ನಂದು 31, 25, 24, 20. ನಾಲ್ಕನೆಯವನದು 29, 27, 23, 21. ಈಗ ಯಾರನ್ನ ಎಲ್ಲಿ ಹಾಕಿದ್ರೆ ಒಟ್ಟು ಮೊತ್ತ ಅತಿ ಹೆಚ್ಚಾಗುತ್ತೆ ನೋಡ್ಬೇಕು. ನಾಲ್ಕು ಜನಕ್ಕೆ 24 ಜೋಡಣೆ ಇರುತ್ತೆ, ಒಂದು ಹಾಳೆಯಲ್ಲಿ ಕೈಯಲ್ಲೇ ಮಾಡಬಹುದು. ನಮಗೆ ಬಂದಿದ್ದು ದೊಡ್ಡದು ಮೊದಲನೆಯವನಿಗೆ, ಬಾಲ್ಕನಿ ಎರಡನೆಯವನಿಗೆ, ಅಡುಗೆಮನೆ ಪಕ್ಕದ್ದು ನನಗೆ, ಮೂಲೆ ನಾಲ್ಕನೆಯವನಿಗೆ. 34, 33, 24, 21 ಕೂಡಿದ್ರೆ 112. ಬಾಡಿಗೆ 100 ತಾನೆ, 12 ಮಿಕ್ಕಿತು. ಅದನ್ನ ನಾಲ್ಕು ಭಾಗ ಮಾಡಿ ಒಬ್ಬೊಬ್ಬರಿಗೂ 3 ಇಳಿಸಿದ್ವಿ, 31, 30, 21, 18.

ಹಾಲಲ್ಲಿ ಎಲ್ಲರೂ ಸುಮ್ನಾಗಿದ್ದು ಆ ಘಳಿಗೆಯಲ್ಲೇ. ಯಾಕಂದ್ರೆ ಒಬ್ಬೊಬ್ಬನೂ ತಾನೇ ಕೈಯಾರೆ ಬರೆದ ಬೆಲೆಗಿಂತ 3 ಕಡಿಮೆಗೆ ರೂಮ್ ಪಡೆದಿದ್ದ, ಇದು ಅನ್ಯಾಯ ಅಂತ ಹೇಳೋಕೆ ಯಾರ ಹತ್ರನೂ ಮಾತಿಲ್ಲ. ಮೂಲೆ ರೂಮಿನವನು ತನ್ನ ಚೀಟಿನೇ ತಿರುಗಿಸಿ ತಿರುಗಿಸಿ ನೋಡಿದ, ಅಡುಗೆಮನೆ ಪಕ್ಕದ್ದಕ್ಕೆ 23 ಬರೆದಿದ್ದೆ, ಅದೀಗ 21ಕ್ಕೆ ಹೋಗಿದೆ, ಅಲ್ಲಿ ಉಳೀತಿದ್ದದ್ದು 2, ಇಲ್ಲಿ ನನಗೆ 3 ಉಳೀತಿದೆ, ಸರಿ ಇದೇ ಇರಲಿ ಅಂದ. ಮೊದಲ ವರ್ಷ ಅದೇ ರೂಮಿಗೆ 25 ಕಟ್ಟಿ ಒಬ್ಬ ಮನೆ ಬಿಟ್ಟಿದ್ದ, ಈಗ 18ಕ್ಕೆ ಇನ್ನೊಬ್ಬ ಖುಷಿಯಾಗಿ ಇದ್ದ. ಪಾತ್ರೆ ಜಗಳ ಕೂಡ ಎರಡು ವಾರದಲ್ಲಿ ತಣ್ಣಗಾಯ್ತು, ಪಾತ್ರೆಗೂ ರೂಮಿಗೂ ಸಂಬಂಧ ಏನು ಅನ್ನೋರು ಸ್ಟೂಡೆಂಟ್ ಮನೆಯಲ್ಲಿ ಇದ್ದಿಲ್ಲ ಅಂತ ಅರ್ಥ.

ಮಿಕ್ಕಿದ್ದನ್ನ ಸಮ ಹಂಚಿದ್ರೆ ಯಾವಾಗಲೂ ಸರಿಹೋಗುತ್ತೆ ಅಂದ್ಕೋಬೇಡಿ. ಮುಂದಿನ ವರ್ಷ ಇಬ್ಬರು ಹೊಸಬರು ಬಂದಾಗ ಲೆಕ್ಕ ಹಾಕಿದ್ರೆ, ಒಬ್ಬನಿಗೆ ತನ್ನ ರೂಮಿಗಿಂತ ಪಕ್ಕದ ರೂಮು ಆ ರೇಟಿಗೆ ಹೆಚ್ಚು ಲಾಭ ಅಂತ ಕಂಡಿತು, ಅವನ ಚೀಟಿ ಪ್ರಕಾರ ಅದು ನಿಜವೇ ಆಗಿತ್ತು. ಆಗ ಜೋಡಣೆ ಮುಟ್ಟಬಾರದು, ಬೆಲೆ ಮಾತ್ರ ಸರಿಸ್ಬೇಕು. ಅವನದು ಸ್ವಲ್ಪ ಇಳಿಸಿ, ಅವನ ಕಣ್ಣಿದ್ದ ರೂಮಿನದು ಅಷ್ಟೇ ಏರಿಸಿ, ಮತ್ತೆ ನಾಲ್ಕೂ ಚೀಟಿ ಎದುರು ನೋಡ್ಬೇಕು. ಒಟ್ಟು ಅತಿ ಹೆಚ್ಚಾಗೋ ಜೋಡಣೆ ಹಿಡಿದಿದ್ರೆ ಯಾರಿಗೂ ಕೊರಗಿಲ್ಲದ ಬೆಲೆ ಒಂದಾದ್ರೂ ಇದ್ದೇ ಇರುತ್ತೆ. ನಾನು ಅದನ್ನ ಬೇಗ ಹಿಡಿಯೋಕೆ ಒಂದು ಕ್ರಮ ಮಾಡ್ಕೊಂಡಿದೀನಿ, ಅದನ್ನ ಇಲ್ಲಿ ಬಿಚ್ಚಿಡಲ್ಲ, ನಾಲ್ಕು ಸಲ ಕೈಯಲ್ಲಿ ಮಾಡಿದ್ರೆ ನಿಮಗೇ ಹೊಳೆಯುತ್ತೆ.

ಆಟ ಆಡೋರು ಇರ್ತಾರೆ. ಬೇರೆಯವರ ಚೀಟಿ ಮುಂಚೆನೇ ಗೊತ್ತಾದ್ರೆ ತನ್ನ ಬೆಲೆ ಇಳಿಸಿ ಬರೆದು ಲಾಭ ಮಾಡ್ಕೋಬಹುದು, ಇದು ಈ ಪದ್ಧತಿಯ ನಿಜವಾದ ತೂತು. ಅದಕ್ಕೇ ಒಂದೇ ಹೊತ್ತಿಗೆ, ಮುಚ್ಚಿ, ಪೆನ್ನಲ್ಲೇ ಬರೀಬೇಕು. ಗ್ರೂಪಲ್ಲಿ ಮೆಸೇಜ್ ಹಾಕೋದು ಬೇಡವೇ ಬೇಡ, ಕೊನೆಗೆ ಹಾಕಿದವನಿಗೇ ಲಾಭ. ಆ ಹೊಸಬರಲ್ಲಿ ಒಬ್ಬನಿಗೆ ದೊಡ್ಡ ರೂಮೇ ಬೇಕಿತ್ತು, ಅಗ್ಗಕ್ಕೆ ಸಿಗಲಿ ಅಂತ 27 ಬರೆದು ಉಳಿದದ್ದನ್ನ ಬೇರೆ ರೂಮುಗಳ ಮೇಲೆ ಹರಡಿದ. ಮನಸ್ಸಲ್ಲಿದ್ದದ್ದು 33 ಅಂತ ಆಮೇಲೆ ಅವನೇ ಹೇಳಿದ. ದೊಡ್ಡದು ಇನ್ನೊಬ್ಬನ ಪಾಲಾಯ್ತು, ಅದೂ 31ಕ್ಕೆ. ಮತ್ತೆ ಬರೆಸಿ ಅಂತ ಹಠ ಹಿಡಿದ, ನಾನು ಒಪ್ಪಲಿಲ್ಲ. ಒಂದು ಸಲ ಮತ್ತೆ ಬರೆಸಿದ್ರೆ ಆ ಪದ್ಧತಿಗೆ ಆಮೇಲೆ ಬೆಲೆ ಇರಲ್ಲ.

ದುಡ್ಡಿಲ್ಲದವರ ವಿಷಯ ಇದಕ್ಕಿಂತ ಗಂಭೀರ. ಸ್ಕಾಲರ್‌ಶಿಪ್‌ನಲ್ಲೇ ಓದ್ತಿದ್ದ ಒಬ್ಬ, ಯಾವ ರೂಮಾದ್ರೂ ಸರಿ, 17ರ ಮೇಲೆ ನನ್ನ ಕೈಲಿ ಆಗಲ್ಲ ಅಂದ. ಅವನ ಹತ್ರ 100 ಕೂಡಿಸಿ ಬರೆಸೋದು ತಪ್ಪು, ಎಲ್ಲೋ ಒಂದು ಕಡೆ 25, 30 ಬರೆಯಲೇಬೇಕಾಗುತ್ತೆ, ಅದು ಸುಳ್ಳು ಬೆಲೆ. ನಾವು ಮಾಡಿದ್ದು ಏನಂದ್ರೆ, ಮೂಲೆ ರೂಮನ್ನ 17ಕ್ಕೆ ಅವನಿಗೆ ಮೊದಲೇ ಬರೆದಿಟ್ಟು, ಉಳಿದ 83ಕ್ಕೆ ಮೂವರೇ ಮೂರು ರೂಮಿಗೆ ಚೀಟಿ ಹಾಕಿದ್ವಿ. ಆ ರೂಮು ಅದಕ್ಕಿಂತ ಕಡಿಮೆಗೆ ಯಾರಿಗಾದ್ರೂ ಬೇಕಾ ಅಂತ ಮುಂಚೆ ಕೇಳಿದ್ದೆ, ಯಾರೂ ಕೈ ಎತ್ತಲಿಲ್ಲ. ಇಬ್ಬರು ಒಂದೇ ರೂಮಲ್ಲಿ ಇದ್ರೆ ರೂಮಿಗೆ ಒಂದೇ ಚೀಟಿ, ಆದ್ರೆ ಕರೆಂಟು, ನೀರು, ನೆಟ್ಟು ತಲೆ ಲೆಕ್ಕ. ಇದರಲ್ಲಿ ರಿಯಾಯಿತಿ ಬೇಡ.

ಕರೆಂಟ್ ಅಂದಾಗ ನೆನಪಾಯ್ತು, ಇದು ಬೇರೆ ಪ್ರಯೋಗ. ರಾತ್ರಿಯಿಡೀ ಲ್ಯಾಪ್‌ಟಾಪ್ ಹಚ್ಚಿರ್ತಾನೆ, ಅವನಿಂದಲೇ ಬಿಲ್ ಏರ್ತಿದೆ ಅಂತ ಬಾಲ್ಕನಿ ರೂಮಿನವನ ಮೇಲೆ ದೂರು. ಒಂದು ಭಾನುವಾರ ಮನೆಯ ಎಲ್ಲ ಸ್ವಿಚ್ಚು, ಫ್ರಿಜ್ಜು, ರೂಟರು ಆಫ್ ಮಾಡಿ ಮೀಟರ್ ಮುಂದೆ ನಿಂತೆ. ಮೀಟರಲ್ಲಿ ಮಿಣುಕೋ ಕೆಂಪು ಲೈಟ್ ಇರುತ್ತಲ್ಲ, ಎಷ್ಟು ಮಿಣುಕಿಗೆ ಒಂದು ಯೂನಿಟ್ ಅಂತ ಅದರ ಮೇಲೇ ಬರೆದಿರುತ್ತೆ, ನಮ್ಮದರಲ್ಲಿ 3200 ಇತ್ತು. ಅವನ ಲ್ಯಾಪ್‌ಟಾಪ್ ಒಂದನ್ನೇ ಹಾಕಿದಾಗ ನಿಮಿಷಕ್ಕೆ ಎರಡೋ ಮೂರೋ ಮಿಣುಕು, ಅಂದ್ರೆ 50 ವ್ಯಾಟ್ ಆಸುಪಾಸು. ಗೀಸರ್ ಹಾಕಿಸಿದೆ, ಎಣಿಸೋಕೇ ಆಗಲಿಲ್ಲ, ಮೊಬೈಲಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿ ಎಣಿಸಿದ್ವಿ, ನಿಮಿಷಕ್ಕೆ 100 ದಾಟಿತ್ತು, 2 ಕಿಲೋವ್ಯಾಟ್ ಗೀಸರ್‌ಗೆ ಅಷ್ಟೇ ಬರ್ಬೇಕು. 15 ಲೀಟರ್ ನೀರನ್ನ 30 ಡಿಗ್ರಿ ಏರಿಸೋಕೆ ಅರ್ಧ ಯೂನಿಟ್ ಸ್ವಲ್ಪ ಮೇಲೆ ಬೇಕು, ಅವನ ಲ್ಯಾಪ್‌ಟಾಪ್ ಹತ್ತು ಗಂಟೆ ಓಡಿದ್ರೂ ಅರ್ಧ ಯೂನಿಟ್ಟೇ. ದೂರು ಹೇಳ್ತಿದ್ದವನು ದಿನಕ್ಕೆ ಎರಡು ಸಲ ಬಿಸಿನೀರು ಸ್ನಾನ ಮಾಡ್ತಿದ್ದ. ಆ ದಿನದಿಂದ ಲ್ಯಾಪ್‌ಟಾಪ್ ಮಾತು ಮತ್ತೆ ಬರಲಿಲ್ಲ, ಗೀಸರ್ ಸ್ವಿಚ್ ಪಕ್ಕ ಪೆನ್ನು ಕಟ್ಟಿದ ಹಾಳೆ ಬಂತು, ಬಿಲ್ಲು ಅಂದಾಜು ಐದನೇ ಒಂದು ಭಾಗ ಇಳಿದಿತ್ತು.

ಮೂಲೆ ರೂಮಿನ ಬೂಸ್ಟಿನ ಕಥೆಯೂ ಹೇಳ್ಬೇಕು, ಯಾಕಂದ್ರೆ ಅದು ಚೀಟಿ ಬೆಲೆಯನ್ನೇ ಬದಲಾಯಿಸ್ತು. ಎರಡು ಕಡೆ ಹೊರಗೋಡೆ, ಬೀರು ಗೋಡೆಗೆ ಅಂಟಿಕೊಂಡೇ ಇತ್ತು, ಹಿಂದೆ ಕಪ್ಪು ಕಪ್ಪು ಮಚ್ಚೆ. ಎಲ್ಲರೂ ಪೇಂಟ್ ಹೊಡೆಸಿ ಅಂದ್ರು. ನಾನು ಒಂದು ಸಣ್ಣ ತೇವಾಂಶದ ಮೀಟರ್ ತಂದಿಟ್ಟೆ, ಬೆಳಗ್ಗೆ ಹೊತ್ತು ಶೇಕಡಾ 80ರ ಹತ್ರ ತೋರಿಸ್ತಿತ್ತು, 70ರ ಮೇಲೆ ದಿನಗಟ್ಟಲೆ ನಿಂತ್ರೆ ಬೂಸ್ಟು ಹಿಡಿಯೋ ಸಾಧ್ಯತೆ ಜಾಸ್ತಿ. ಕಾರಣ ಗೋಡೆ ಸೋರಿಕೆ ಅಲ್ಲ, ರೂಮೊಳಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸ್ತಿದ್ದದ್ದು. ಒಂದು ಮಷೀನ್ ಒದ್ದೆ ಬಟ್ಟೆ ಒಣಗಿದ್ರೆ ಸುಮಾರು 2 ಲೀಟರ್ ನೀರು ಗಾಳಿಗೆ ಸೇರುತ್ತೆ, ಕಿಟಕಿ ಹಾಕಿದ್ರೆ ಅದು ಹೋಗಿ ಕೂರೋದು ತಣ್ಣಗಿರೋ ಹೊರಗೋಡೆ ಮೇಲೇ. ಹಗ್ಗ ಬಾಲ್ಕನಿಗೆ ಹೋಯ್ತು, ಬೀರು ಗೋಡೆಯಿಂದ ಒಂದು ಗೇಣು ಈಚೆ ಬಂತು, ಬೆಳಗ್ಗೆ ಹತ್ತು ನಿಮಿಷ ಕಿಟಕಿ ಬಾಗಿಲು ಎರಡೂ ತೆಗೆದಿಡೋದು. ತಿಂಗಳೊಳಗೆ ಮೀಟರ್ 60ರ ಕೆಳಗೆ ಬಂತು, ಮಚ್ಚೆ ಒರೆಸಿದ ಮೇಲೆ ಮತ್ತೆ ಬರಲಿಲ್ಲ, ಪೇಂಟಿನ ದುಡ್ಡು ಉಳೀತು.

ಆದ್ರೆ ನೋಡಿ, ಮುಂದಿನ ಸಲ ಚೀಟಿ ಹಾಕಿದಾಗ ಆ ರೂಮಿಗೆ ಎಲ್ಲರೂ ಜಾಸ್ತಿ ಬರೆದ್ರು, ಬೆಲೆ 20 ಆಯ್ತು. ಅಲ್ಲಿದ್ದು ಅದನ್ನ ಸರಿ ಮಾಡಿದವನಿಗೇ ಬಾಡಿಗೆ ಏರಿದ ಹಾಗಾಯ್ತಲ್ಲ, ಇದು ನನಗೆ ಸರಿ ಕಾಣಲಿಲ್ಲ. ಅದಕ್ಕೆ ಹಾಳೆಯಲ್ಲಿ ಒಂದು ಸಾಲು ಸೇರಿಸಿದ್ವಿ, ರೂಮ್ ಸುಧಾರಿಸಿದವರು ಮುಂದಿನ ವರ್ಷವೂ ಅಲ್ಲೇ ಇದ್ರೆ ಹಳೇ ಪಾಲಿಗೇ ಇರಬಹುದು, ವ್ಯತ್ಯಾಸ ಉಳಿದವರು ಹಂಚ್ಕೋಬೇಕು. 2 ಪಾಲನ್ನ ಮೂವರು ಹಂಚಿಕೊಂಡ್ರೆ ಯಾರಿಗೂ ಗೊತ್ತೂ ಆಗಲ್ಲ. ಈ ಸಾಲು ಬಂದ ಮೇಲೆ ಅಡುಗೆಮನೆ ಪಕ್ಕದ ರೂಮಿನ ಬಾಗಿಲಿಗೆ ರಬ್ಬರ್ ಪಟ್ಟಿ ಹಾಕಿದ್ದು ನಾನೇ, ಮಿಕ್ಸಿ ಸದ್ದು ಅರ್ಧಕ್ಕರ್ಧ ಕಮ್ಮಿ.

ಕೊನೇದು ಡೆಪಾಸಿಟ್. ಅದನ್ನ ಬಾಡಿಗೆ ಪಾಲಲ್ಲಿ ಹಾಕ್ಬೇಡಿ, ಸಮ ಹಾಕಿ, ಯಾಕಂದ್ರೆ ಅದು ಮನೆಯ ಮೇಲಿನ ಭರವಸೆ, ರೂಮಿನ ಬೆಲೆ ಅಲ್ಲ. ಕಡಿತ ಮಾತ್ರ ರೂಮ್ ಪ್ರಕಾರ. ಒಳಗೆ ಬಂದ ದಿನವೇ ಪ್ರತಿ ರೂಮಿನ ನಾಲ್ಕೂ ಗೋಡೆ, ನೆಲ, ನಲ್ಲಿ, ಬಾಗಿಲ ಹಿಂಭಾಗ ವಿಡಿಯೋ ಮಾಡಿ ಮಾಲೀಕರಿಗೂ ಅವತ್ತೇ ಕಳಿಸಿ. ನಾವು ಬಿಡುವಾಗ ಮೊದಲು ಕಾಲು ಭಾಗ ಹಿಡೀತೀವಿ ಅಂದ್ರು, ವಿಡಿಯೋ ಮುಂದಿಟ್ಟು ಕೂತ ಮೇಲೆ ಬಾಲ್ಕನಿ ಬಾಗಿಲ ಒಡೆದ ಗಾಜು ಒಂದಕ್ಕೆ ಮಾತ್ರ ಹಿಡಿದ್ರು, ಅದನ್ನ ಬಾಲ್ಕನಿ ರೂಮಿನವನು ಕೊಟ್ಟ, ಉಳಿದ ಮೂವರಿಗೆ ಪೂರ್ತಿ ಡೆಪಾಸಿಟ್ ವಾಪಸ್ ಬಂತು.