ಸ್ಯಾಟ್ಸ್ ರೀಡಿಂಗ್ ಪೇಪರ್: ಮೊದಲು ಗೆರೆ, ಆಮೇಲೆ ಉತ್ತರ

ಇಂಗ್ಲೆಂಡ್‌ನಲ್ಲಿ ಇಯರ್ 6ರ (ಪ್ರಾಥಮಿಕ ಶಾಲೆಯ ಕೊನೆಯ ವರ್ಷ, 10-11 ವಯಸ್ಸು) ಮಕ್ಕಳಿರುವವರಿಗೆ ಒಂದು ಸಲಹೆ. ಮೇ ತಿಂಗಳಲ್ಲಿ ಆ ಮಕ್ಕಳಿಗೆ ನಡೆಯುವ ರಾಷ್ಟ್ರೀಯ ಪರೀಕ್ಷೆಯಾದ ಸ್ಯಾಟ್ಸ್‌ಗೆ ರೀಡಿಂಗ್ ಅಭ್ಯಾಸ ಮಾಡಿಸುವಾಗ, ಉತ್ತರ ಬರೆಯುವ ಮೊದಲು ಅದು ಸಿಕ್ಕ ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಪಕ್ಕದಲ್ಲಿ ಪ್ರಶ್ನೆಯ ನಂಬರ್ ಹಾಕಿಸಿ. ಪಾಠದ (ಓದಲು ಕೊಡುವ ಬರಹದ) ಪುಸ್ತಿಕೆ ಬೇರೆ, ಉತ್ತರದ ಪುಸ್ತಿಕೆ ಬೇರೆ ಇರುವುದರಿಂದ ಗೀಚಿದರೆ ತೊಂದರೆಯಿಲ್ಲ. ಮಕ್ಕಳು ಸಾಮಾನ್ಯವಾಗಿ ತಪ್ಪುವುದು ಓದಲು ಬಾರದೆ ಅಲ್ಲ, ತಮಗೆ ಅನ್ನಿಸಿದ್ದನ್ನು ಬರೆದುಬಿಡುವುದರಿಂದ. ‘ಹುಡುಗ ಹೆದರಿದ್ದ ಅಂತ ಹೇಗೆ ಗೊತ್ತು?’ ಅಂದರೆ ‘ಕತ್ತಲಿತ್ತಲ್ಲ’ ಅಂತಾರೆ. ಪಾಠದಲ್ಲಿ ಇರುವುದು ಅವನು ಉಸಿರು ಬಿಗಿಹಿಡಿದು ಪರದೆಯ ಸಂದಿಯಿಂದ ಇಣುಕಿದ್ದು. ಗೆರೆ ಎಳೆಯಲು ಹುಡುಕಿದಾಗಲೇ ಅದು ಕಣ್ಣಿಗೆ ಬೀಳುವುದು. 3 ಅಂಕದ ಪ್ರಶ್ನೆಗಳಲ್ಲಿ ಇದರ ಲಾಭ ಜಾಸ್ತಿ, ಏಕೆಂದರೆ ಅಲ್ಲಿ ಅಭಿಪ್ರಾಯದ ಜೊತೆ ಪಾಠದಿಂದ ಪುರಾವೆಯನ್ನೂ ಕೇಳುತ್ತಾರೆ.

ಎಲ್ಲ ಕಡೆ ಇದು ನಡೆಯಲ್ಲ. ಘಟನೆಗಳನ್ನು ಕ್ರಮವಾಗಿ ಜೋಡಿಸುವ ಪ್ರಶ್ನೆಗೆ ಒಂದೇ ಸಾಲು ಸಿಗುವುದಿಲ್ಲ, ಅಲ್ಲಿ ಗೆರೆ ಸುಮ್ನೆ ಸಮಯ ತಿನ್ನುತ್ತದೆ. ‘ಒಂದು ಪದ ಹುಡುಕಿ ಬರೆ’ ಅಂದಾಗ ಗೆರೆ ಆ ಒಂದು ಪದಕ್ಕೇ ನಿಲ್ಲಬೇಕು, ಇಡೀ ವಾಕ್ಯ ನಕಲು ಮಾಡಿದರೆ ಅಂಕ ಹೋಗಬಹುದು. ಇನ್ನು ಕೆಲವು ಮಕ್ಕಳು ಪುಟವೆಲ್ಲಾ ಗೆರೆ ಎಳೆದು ಕೂರುತ್ತಾರೆ (ಬಣ್ಣದ ಹೈಲೈಟರ್ ಕೊಟ್ಟರಂತೂ ಮುಗೀತು!). ಇರುವುದು 60 ನಿಮಿಷ, 3 ಪಾಠ, 50 ಅಂಕ. ಒಂದು ಪ್ರಶ್ನೆಗೆ ಒಂದು, ಹೆಚ್ಚೆಂದರೆ ಎರಡು ಗೆರೆ ಸಾಕು.