ಮೊಲದ ಕಿವಿಯ ಹಕ್ಕಳೆ ಕಿತ್ತು ನಾನು ಮಾಡಿದ ತಪ್ಪು
ನಮ್ಮ ಹಿತ್ತಲಿನ ಶೆಡ್ಡಿನಲ್ಲಿ 11 ಮೊಲಗಳಿವೆ. ಹೋದ ವರ್ಷ ಸಂತೆಯಿಂದ ಒಂದು ಗಂಡು ತಂದು, ಅವತ್ತೇ ಉಳಿದವುಗಳ ಪಕ್ಕದ ಗೂಡಿಗೆ ಬಿಟ್ಟಿದ್ದೆ. ತಿಂಗಳೊಳಗೆ ನಮ್ಮ ಹಳೆಯ ಹೆಣ್ಣು ಮೊಲ ತಲೆ ಒದರಲು, ಹಿಂಗಾಲಿನಿಂದ ಕಿವಿ ಕೆರೆಯಲು ಶುರು ಮಾಡಿತು. ಗುಗ್ಗೆ ಇರಬೇಕು ಅಂತ ಸುಮ್ನೆ ಬಿಟ್ಟೆ.

ಒಂದು ದಿನ ಟಾರ್ಚ್ ಹಾಕಿ ನೋಡಿದರೆ ಕಿವಿಯೊಳಗೆ ಕಂದು ಹಕ್ಕಳೆ, ಹಪ್ಪಳ ಮುರಿದು ಒಂದರ ಮೇಲೊಂದು ಒತ್ತಿದ ಹಾಗೆ. ಚಿಮಟದಿಂದ ಒಂದು ಚೂರು ಎಳೆದೆ. ಮೊಲ ಚೀರಿತು. ಮೊಲ ಸಾಕಿದವರಿಗೆ ಗೊತ್ತು, ಅದು ಬಾಯಿ ಬಿಡುವುದೇ ಅಪರೂಪ. ಹಕ್ಕಳೆಯ ಅಡಿಯಲ್ಲಿ ಹಸಿ ಚರ್ಮ, ರಕ್ತ. ಆ ಚೂರನ್ನು ಕಪ್ಪು ಕಾಗದದ ಮೇಲಿಟ್ಟು ಭೂತಗನ್ನಡಿ ಹಿಡಿದೆ. ಬಿಳಿ ಚುಕ್ಕೆಗಳು ಹರಿದಾಡುತ್ತಿದ್ದವು.

ನಾಯಿಗೆ ಹತ್ತುವ ಉಣ್ಣಿ ಸಾಯಲಿ ಅಂತ ಅದರ ಬೆನ್ನಿಗೆ ಬಿಡುವ ಫಿಪ್ರೊನಿಲ್ ಹನಿಯೇ ಸಾಕು ಅಂದವರೊಬ್ಬರಿದ್ದರು. ಪುಣ್ಯಕ್ಕೆ ಮೊದಲು ಪಶುವೈದ್ಯರನ್ನು ಕೇಳಿದೆ. ಅದು ಮೊಲಕ್ಕೆ ವಿಷ! ಇದು ಸೋರಾಪ್ಟಿಸ್ ಎಂಬ ನುಸಿ, ಹಕ್ಕಳೆ ಮುಟ್ಟಲೇಬೇಡಿ, ಔಷಧಿ ಬಿದ್ದರೆ ತಾನೇ ಉದುರುತ್ತೆ ಅಂದರು.

ಕೊಟ್ಟದ್ದು ಐವರ್‌ಮೆಕ್ಟಿನ್, ದನಗಳಿಗೆ ಬಳಸುವ 1% ಇಂಜೆಕ್ಷನ್ನೇ. ಪ್ರಮಾಣ ಮಾತ್ರ ಚಿಟಿಕೆಯಷ್ಟು. ತಕ್ಕಡಿಯಲ್ಲಿ ಎರಡೂವರೆ ಕಿಲೋ ಬಂದ ಹೆಣ್ಣಿಗೆ 0.05 ಎಂ.ಎಲ್., ಅಂದರೆ 40 ಯೂನಿಟ್ಟಿನ ಇನ್ಸುಲಿನ್ ಸಿರಿಂಜಿನಲ್ಲಿ 2 ಯೂನಿಟ್. ಕುತ್ತಿಗೆಯ ಹಿಂದಿನ ಸಡಿಲ ಚರ್ಮ ಎತ್ತಿ ಅದರಡಿ ಚುಚ್ಚಿದರು. ನೀವು ಅಂದಾಜಿನಲ್ಲಿ ಮಾಡಬೇಡಿ, ತೂಕ ಹಾಕಿಸಿ ವೈದ್ಯರಿಂದಲೇ ಲೆಕ್ಕ ಹಾಕಿಸಿ. ಮಾಂಸಕ್ಕೆ ಸಾಕುವವರು ಎಷ್ಟು ದಿನ ಮಾರಬಾರದು ಅನ್ನುವುದನ್ನೂ ಕೇಳಿಕೊಳ್ಳಿ.

ಕಿವಿ ಚೆನ್ನಾಗಿದ್ದ ಮೊಲಗಳಿಗೂ ಅವತ್ತೇ ಹಾಕಿಸಿದೆ. ಖರ್ಚು ಜಾಸ್ತಿ ಅಲ್ವಾ ಅಂತ ಮನೆಯಲ್ಲಿ ಗೊಣಗಿದರು. ಆದರೆ ಒಂದರಲ್ಲಿ ಉಳಿದರೂ ಮತ್ತೆ ಎಲ್ಲಕ್ಕೂ ಹತ್ತುತ್ತೆ. ಔಷಧಿಗೆ ನುಸಿ ಸಾಯುತ್ತೆ, ಮೊಟ್ಟೆ ಸಾಯುವುದಿಲ್ಲ. ಮೊಟ್ಟೆಯಿಂದ ಬಲಿತ ನುಸಿಯಾಗಲು ಸುಮಾರು 3 ವಾರ. ಅದಕ್ಕೇ 14 ದಿನಕ್ಕೊಮ್ಮೆ, ಒಟ್ಟು 3 ಸಲ.

ಉದುರಿದ ಹಕ್ಕಳೆಯಲ್ಲೂ ನುಸಿ ಕೆಲವು ದಿನ ಬದುಕಿರುತ್ತೆ. ಮೊಲಗಳನ್ನು ಹೊರಗೆ ತೆಗೆದು ಗೂಡಿನ ತಂತಿ ಬಲೆಗೆ ಗ್ಯಾಸ್ ಬೆಂಕಿ ಆಡಿಸಿದೆ, ಹಳೆ ಗೋಣಿಚೀಲ ಸುಟ್ಟೆ.

ಒಂಬತ್ತನೇ ದಿನ ಬೆಳಿಗ್ಗೆ ಮೇವಿನ ಬಟ್ಟಲಲ್ಲಿ ಹೆಬ್ಬೆರಳಷ್ಟು ದೊಡ್ಡ ಹಕ್ಕಳೆ ಬಿದ್ದಿತ್ತು. ಕಿವಿಯೊಳಗೆ ತಿಳಿಗೆಂಪು ಚರ್ಮ. ನಾನು ಕಿತ್ತ ಜಾಗದಲ್ಲಿ ಮಾತ್ರ ಗಾಯ ಒಣಗಲು ಇನ್ನೂ ಎರಡು ವಾರ ಹಿಡಿಯಿತು.

ಮೊನ್ನೆ ಮತ್ತೊಂದು ಗಂಡು ತಂದಿದ್ದೇನೆ. ಒಂದು ತಿಂಗಳು ಅದಕ್ಕೆ ಹಿಂದಿನ ಜಗಲಿಯೇ ಮನೆ. ಅದರ ಬಟ್ಟಲು ಬೇರೆ, ಅದಕ್ಕೆ ಮೇವು ಹಾಕುವ ಸರದಿ ಎಲ್ಲಕ್ಕಿಂತ ಕೊನೆಗೆ.